ಭಾಷಣ ಕೇಳಲು ಬಂದ ಸೀರೆ

ನನ್ನ ಸೋದರಮಾವ ಭಾಷಣ ಕೇಳುವವರಲ್ಲ, ವಸೂಲು ಮಾಡುವವರು! ಭಾಷಣಕಾರ ಬೆಂಗಳೂರಿನಿಂದ ತಲೆಯಲ್ಲಿ ಏನೇನು ತಂದಿದ್ದಾನೋ ಅದನ್ನೆಲ್ಲ ಇಲ್ಲೇ ಇಳಿಸಿಕೊಂಡು ಕಳಿಸಬೇಕೆಂಬುದು ಅವರ ಸಿದ್ಧಾಂತ. ಮದ್ದೂರಿನಲ್ಲಿ ಮನೆ, ಒಂದಿಷ್ಟು ಗದ್ದೆ. ಆದರೆ ರೇಷ್ಮೆಹುಳುವಿನ ಮೇಲೆ ಭಾಷಣವಾದರೂ ಹೊರಟರು, ಹಲ್ಲಿನ ಮೇಲಾದರೂ ಹೊರಟರು. ಸಾಕಿದ ಹುಳು ಒಂದೂ ಇರಲಿಲ್ಲ. ಉಳಿದ ಹಲ್ಲೂ ಹೆಚ್ಚೇನಿರಲಿಲ್ಲ!

ಮಳವಳ್ಳಿಯಲ್ಲಿ ಒಮ್ಮೆ ಬ್ಲಫಿನ ವಿದ್ಯುತ್ ಕೇಂದ್ರದ ಎಂಜಿನಿಯರೊಬ್ಬರು ಕಾವೇರಿ ನೀರಿನಿಂದ ವಿದ್ಯುತ್ತು ಹುಟ್ಟುವ ಬಗೆಯನ್ನು ಬೆವರು ಸುರಿಸಿ ವಿವರಿಸಿದರು. ಕೊನೆಗೆ ಮಾವ ಎದ್ದರು.

"ಸ್ವಾಮಿ, ಕರೆಂಟು ನೀರಿಂದ್ಲೇ ಬರೋದು ಅಂದ್ರಿ. ಒಪ್ಕಂಡೆ. ಅಂಗಾರೆ ತಂತಿ ಯಾಕೆ ನೆನೆಯಾಕಿಲ್ಲ?"

ಎಂಜಿನಿಯರು ವಂದನಾರ್ಪಣೆಗೂ ಕಾಯದೆ ಹೊರಟುಹೋದರು.

ಯುದ್ಧದ ಕಾಲದಲ್ಲಿ ಮಂಡ್ಯದ ಶಾಲೆಯೊಂದರಲ್ಲಿ ಮನಸ್ಸಿನ ಕಾಯಿಲೆಗಳ ಡಾಕ್ಟರೊಬ್ಬರ ಭಾಷಣ ಏರ್ಪಾಟಾಯಿತು. ಪತ್ರಿಕೆಗೆ ವರದಿ ಬರೆಯಲು ನಾನು ಹೋದೆ. ಮುಂದಿನ ಸಾಲಿನಲ್ಲಿ ಮಾವ ಆಗಲೇ ಕೂತಿದ್ದರು! ಪಕ್ಕದ ಕುರ್ಚಿಯ ಮೇಲೆ ಅತ್ತೆಯ ಸೀರೆ.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಚಳಿಜ್ವರದಲ್ಲಿ ಅವರ ಒಬ್ಬಳೇ ಮಗಳು ತೀರಿಕೊಂಡಿದ್ದಳು. ಅಂದಿನಿಂದ ಅತ್ತೆ ಮಾತು ಬಿಟ್ಟಿದ್ದರು. ಅಡಿಗೆ ಮಾಡುವರು, ಬಡಿಸುವರು. ಬಾಯಿ ಮಾತ್ರ ತೆರೆಯರು. ಜಗುಲಿ ಇಳಿಯರು. ನಮ್ಮ ಕಡೆ ಕಾಯಿಲೆಯವರು ಬರಲಾರದಿದ್ದರೆ ಅವರು ಉಟ್ಟ ಬಟ್ಟೆಯನ್ನೇ ಮಂತ್ರ ಹಾಕುವವರ ಬಳಿಗೆ ಒಯ್ಯುವುದು ರೂಢಿ. ಮಂತ್ರ ಇಳಿಯುವ ಬಟ್ಟೆಗೆ ಭಾಷಣ ಇಳಿಯದೆ ಇರುತ್ತದೆಯೆ?

ಕೊತ್ತತ್ತಿಯ ರೈತನೊಬ್ಬ ಜಾಗ ಹುಡುಕುತ್ತ ಬಂದ.

"ಯಾರ್ದಯ್ಯಾ ಈ ಸೀರೆ? ಎತ್ತು, ಕೂತ್ಕತೀನಿ."

"ಕಣ್ ಕಾಣಾಕಿಲ್ವಾ? ನಮ್ಮನೆಯವ್ಳು ಕೂತವ್ಳೆ!"

"ಉಸಾರಿಲ್ವಾ? ಮೊದ್ಲೇ ಯೋಳಬಾರ್ದಾ?" ಎಂದ ರೈತ, ಸೀರೆಯತ್ತ ಬಾಗಿ, "ಕೂತ್ಕಳವ್ವ, ಕೂತ್ಕೊ," ಎಂದು ತಾನು ನೆಲದ ಮೇಲೆ ಕುಳಿತ.

ಭಾಷಣ ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ಇರದೆ ಏನು! ಮಾವ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತರು.

"ಸ್ವಾಮಿ, ಇವ್ಳು ಮಾತಾಡಾಕಿಲ್ಲ."

ಡಾಕ್ಟರು ಸೀರೆಯನ್ನು ನೋಡಿದರು, ಮಾವನನ್ನು ನೋಡಿದರು, ದನಿಯನ್ನು ಬಹಳ ಮೃದು ಮಾಡಿಕೊಂಡರು. "ಮೊದಲು ನಿಮ್ಮೊಡನೆ ಮಾತಾಡುತ್ತಿದ್ದರೇ?"

"ಅಯ್ಯೋ, ನನ್ ಬಾಯಿಗೇ ಬೀಗ ಆಕೋಳು!"

ಗೊಂದಲ ಬಿಡಿಸುವುದು ಪತ್ರಿಕೆಯವನ ಧರ್ಮವಲ್ಲವೆ? ನಾನು ಎದ್ದು ಶಾಂತವಾಗಿ ಹೇಳಿದೆ: "ಡಾಕ್ಟರೇ, ತಪ್ಪು ತಿಳಿಯಬೇಡಿ. ಅದು ನಮ್ಮ ಅತ್ತೆ."

"ನೀವು ಇವರಿಗೆ ಏನಾಗಬೇಕು?"

"ಸೋದರಳಿಯ."

"ವಂಶದಲ್ಲೇ ಇದೆ," ಎಂದು ಡಾಕ್ಟರು ಅಧ್ಯಕ್ಷರ ಕಿವಿಯಲ್ಲಿ ಹೇಳಿದ್ದು ಮೂರನೆಯ ಸಾಲಿಗೂ ಕೇಳಿಸಿತು!

ರೂಢಿಯನ್ನೂ ಮಗಳು ತೀರಿಕೊಂಡದ್ದನ್ನೂ ಮೊದಲಿಂದ ಬಿಡಿಸಿ ಹೇಳಿದ ಮೇಲೆ ಡಾಕ್ಟರಿಗೆ ತಿಳಿಯಿತು. ಅವರು ನಗಲಿಲ್ಲ. "ಮನೆಯಲ್ಲಿ ನೀವೇನು ಮಾಡುತ್ತೀರಿ?" ಎಂದು ಮಾವನನ್ನು ಕೇಳಿದರು.

"ಮಾತಾಡ್ತೀನಿ ಸ್ವಾಮಿ. ಅವ್ಳ ಪಾಲಿಂದೂ ನಾನೇ ಆಡ್ತೀನಿ."

"ಇನ್ನು ಬೇಡ. ಪಕ್ಕದಲ್ಲಿ ಕೂತುಕೊಳ್ಳಿ. ಸುಮ್ಮನೆ."

"ಸುಮ್ನೆ ಅಂದ್ರೆ?"

"ಸುಮ್ಮನೆ ಅಂದರೆ ಸುಮ್ಮನೆ."

"ಇದೇನ್ ಸ್ವಾಮಿ, ಕಾಯಿಲೆ ಅವ್ಳಿಗೆ, ಪಥ್ಯ ನಂಗಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಮಾವ ನಗಲಿಲ್ಲ.

ಮದ್ದೂರಿನ ರೈಲಿನಲ್ಲಿ ನಾನೂ ಜೊತೆಗೆ ಹೋದೆ. ಒಬ್ಬರೇ ಹೋದರೆ ಪಥ್ಯ ಮುರಿದಾರು ಎಂಬ ಭಯ ನನಗೂ ಇತ್ತು, ಅವರಿಗೂ ಇತ್ತು.

"ಲೇ ಅಳಿಯ, ಕೆಮ್ಮಬೌದಾ?"

"ಕೆಮ್ಮಬಹುದು ಮಾವ."

"ರಾಮ ರಾಮ ಅನ್ನಬೌದಾ?"

"ಮನಸ್ಸಿನಲ್ಲಿ."

"ಮನಸ್ನಲ್ಲಿ ಅಂದ್ರೆ ಅವ್ನಿಗೆ ಕೇಳ್ತದೇನ್ಲಾ?" ಎಂದರು. ಇಂಥ ಭಾಷಣವನ್ನು ಏನೆಂದು ವರದಿ ಮಾಡಬೇಕೆಂಬುದು ನನಗಿನ್ನೂ ಹೊಳೆದಿರಲಿಲ್ಲ.

ನಾವು ಹೋದಾಗ ಇನ್ನೂ ಬಿಸಿಲಿತ್ತು. ಅತ್ತೆ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಮಾವ ಪಕ್ಕದಲ್ಲಿ ಕೂತರು. ಬಾಯಿ ತೆರೆದರು, ಮುಚ್ಚಿದರು. ಮೀಸೆ ಎಳೆದುಕೊಂಡರು. ಊರಿನ ಸುದ್ದಿಯೆಲ್ಲ ಗಂಟಲಿಗೆ ಬಂದು ಹಿಂದಕ್ಕೆ ಹೋಗುವುದು ನನಗೆ ಕಾಣುತ್ತಿತ್ತು. ಅತ್ತೆ ಒಮ್ಮೆ ತಿರುಗಿ ನೋಡಿದರು. ಮನೆಯಲ್ಲಿ ಏನೋ ಕೆಟ್ಟಿರಬೇಕು ಎನ್ನುವಂತೆ.

ಆಮೇಲೆ ಮಾವನ ಕಣ್ಣು ತುಂಬಿತು. ಮಗಳು ಹೋದ ದಿನ ಬಂದವರಿಗೆಲ್ಲ ಸಮಾಧಾನ ಹೇಳಿದವರು, ಒಮ್ಮೆಯೂ ಅಳದೆ ಇದ್ದವರು, ಈಗ ತಡೆಯಲು ಒಂದು ಮಾತೂ ಇಲ್ಲದೆ ಅಳುತ್ತಿದ್ದರು.

ಅತ್ತೆಯ ಕೈ ನಿಂತಿತು.

"ನಿಮ್ಗೂ ನೆಪ್ಪಾಯ್ತದಾ?"

ದನಿ ತುಕ್ಕು ಹಿಡಿದಂತಿತ್ತು. ಮಾವ ನನ್ನ ಕಡೆ ನೋಡಿದರು: ಉತ್ತರ ಹೇಳಬಹುದೆ? ನಾನು ತಲೆಯಾಡಿಸಿದೆ.

"ಊಂ ಕಣೆ," ಎಂದರು. "ದಿನಾಲೂವೆ."

ಅತ್ತೆ ಅವರೆಕಾಯಿಯ ಮೊರವನ್ನು ಇಬ್ಬರ ನಡುವೆ ಸರಿಸಿದರು.