ತಪ್ಪು ಫೋಟೋದ್ದೋ, ಮುಖದ್ದೋ?

ಪುರಸಭೆಯ ಜನನ-ಮರಣ ವಿಭಾಗದ ಗುಮಾಸ್ತನಿಗೆ ಅವತ್ತು ವಕ್ಕರಿಸಿದ ಕಂಟಕಕ್ಕೆಲ್ಲ ಮೂಲ, ಪತ್ರಿಕೆಯ ಮೂರನೇ ಪುಟದಲ್ಲಿದ್ದ ಅಂಗೈಯಗಲದ ಒಂದು ಫೋಟೋ. ಹೊಸ ನೀರಿನ ಟ್ಯಾಂಕಿನ ಉದ್ಘಾಟನೆಯದು. ಮೈಕಿನ ಹಿಂದೆ ಒಂದು ಮುಖ. ಬಾಯಿ ಟ್ಯಾಂಕಿಗಿಂತ ದೊಡ್ಡದಾಗಿ ತೆರೆದಿತ್ತು. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಮುಚ್ಚಲೋ ಬೇಡವೋ ಎಂದು ಯೋಚಿಸುತ್ತಿತ್ತು. ಗಲ್ಲದ ಕೆಳಗೆ ಇನ್ನೆರಡು ಗಲ್ಲಗಳು ಸರದಿ ಸಾಲಿನಲ್ಲಿ ನಿಂತಿದ್ದವು. ಅಡಿಯಲ್ಲಿ ದಪ್ಪ ಅಕ್ಷರ: ‘ಮಾತನಾಡುತ್ತಿರುವ ಪುರಸಭಾ ಅಧ್ಯಕ್ಷರು’.

“ಇದು ಫೋಟೋನಾ? ಇದು ಫೋಟೋನಾ ಅಂತ ಕೇಳ್ತಿದ್ದೀನಿ!” ಮ್ಯಾನೇಜರು ಪತ್ರಿಕೆಯನ್ನು ಮೇಜಿಗೆ ಅಪ್ಪಳಿಸಿದರು. “ಅಧ್ಯಕ್ಷರು ಪ್ರವಾಸ ಮುಗಿಸಿ ಐದು ಗಂಟೆಗೆ ಬರ್ತಾರೆ. ಅಷ್ಟರಲ್ಲಿ ಪತ್ರಿಕೆಗೆ ಕಾಗದ ತಯಾರಾಗಿರ್ಬೇಕು. ಆ ಫೋಟೋಗ್ರಾಫರನ್ನ ಕೆಲಸದಿಂದ ಕಿತ್ತು ಹಾಕಿಸ್ಬೇಕು. ಅದಕ್ಕೆ ತಜ್ಞರ ವರದಿ ಬೇಕು. ನೀವು ಬರೀರಿ.”

“ನಾನಾ ಸಾರ್?”

“ಫೋಟೋ ಸ್ಪರ್ಧೇಲಿ ನಿಮಗೆ ಬಹುಮಾನ ಬಂದಿತ್ತಂತಲ್ಲ?”

“ಸಮಾಧಾನಕರ ಬಹುಮಾನ ಸಾರ್. ಹನ್ನೆರಡು ವರ್ಷದ ಹಿಂದೆ. ಅದು ಕತ್ತೆ ಫೋಟೋ.”

“ಕತ್ತೆ ಆದ್ರೇನು, ಅಧ್ಯಕ್ಷರಾದ್ರೇನು, ಮುಖ ಮುಖಾನೇ ಅಲ್ವೇನ್ರೀ!” ಎಂದವರೇ ಮ್ಯಾನೇಜರು ಬಾಗಿಲ ಕಡೆ ನೋಡಿದರು. ಯಾರೂ ಕೇಳಿಸಿಕೊಂಡಿರಲಿಲ್ಲ.

ಗುಮಾಸ್ತ ಪತ್ರಿಕೆ ಹಿಡಿದು ತನ್ನ ಜಾಗಕ್ಕೆ ಬಂದ. ಹಳೆಯ ರಿಜಿಸ್ಟರುಗಳ ಅಕ್ಷರ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಆ ಮುಖದ ಮೇಲೆ ಹಿಡಿದ. ಹಿಡಿದವನು ಹಾಗೇ ಕೂತುಬಿಟ್ಟ. ಎಂಥಾ ಫೋಟೋ! ಎಡಗಡೆಯಿಂದ ಬಂದ ಬಿಸಿಲು ಹಣೆಯ ಒಂದೊಂದು ಬೆವರ ಹನಿಯನ್ನೂ ಎಣಿಸಿಕೊಡುತ್ತಿತ್ತು. ಕತ್ತಿನ ನರ ಹಗ್ಗದಂತೆ ಬಿಗಿದಿತ್ತು. ಬಾಯಿಯಿಂದ ಸಿಡಿದ ಎಂಜಲಿನ ಹನಿಯೊಂದು ಮೈಕಿಗೆ ತಾಗುವ ಮೊದಲೇ ಗಾಳಿಯಲ್ಲಿ ಸಿಕ್ಕಿಬಿದ್ದಿತ್ತು. ಅಧಿಕಾರ ಅನ್ನುವುದು ಮೈಕಿನ ಮುಂದೆ ಹೇಗಿರುತ್ತದೋ ಹಾಗೇ ಇತ್ತು. ಜೀವಮಾನದಲ್ಲಿ ಇಂಥದೊಂದು ಫೋಟೋ ತೆಗೆದಿದ್ದರೆ ತಾನು ಈ ಕುರ್ಚಿಯಲ್ಲಿ ಸತ್ತವರ ಹೆಸರು ಬರೆಯುತ್ತಾ ಕೂರುತ್ತಿರಲಿಲ್ಲ ಅನ್ನಿಸಿತು ಅವನಿಗೆ. ಹಿಂದೆಯೇ ಮೈಯೆಲ್ಲ ಉರಿಯಿತು. ಊರಿನ ಮೂಲೆಮೂಲೆಯ ಫ್ಲೆಕ್ಸುಗಳಲ್ಲಿ ಇದೇ ಅಧ್ಯಕ್ಷರು ಇಪ್ಪತ್ತು ವರ್ಷದಿಂದ ವಯಸ್ಸೇ ಆಗದೆ, ಕೆನ್ನೆಗೆ ಗುಲಾಬಿ ಬಣ್ಣ ಬಳಿಸಿಕೊಂಡು ನಗುತ್ತಿದ್ದಾರಲ್ಲ, ಅದಕ್ಕೆ ಯಾರಾದರೂ ತಜ್ಞರ ವರದಿ ಕೇಳಿದರೇ?

“ಕೆಟ್ಟ ಫೋಟೋ ಅಂತ ಎರಡು ಸಾಲು ಗೀಚಿ ಕೊಟ್ಟುಬಿಡಪ್ಪ, ಅತ್ಲಾಗೆ,” ಎಂದರು ಟೈಪಿಸ್ಟ್ ಅಕ್ಕ.

“ಕೆಟ್ಟದಾಗಿ ಕಾಣೋ ಫೋಟೋ ಬೇರೆ, ಕೆಟ್ಟ ಫೋಟೋ ಬೇರೆ ಅಕ್ಕಾ!”

“ಹಾಗಾದ್ರೆ ಫೋಟೋ ಒಳ್ಳೇದು ಅಂತ ಬರಿ.”

“ಫೋಟೋ ಒಳ್ಳೇದು ಅಂದ್ರೆ ಮುಖ ಕೆಟ್ಟದು ಅಂತ ಆಗಲ್ವಾ?”

“ಅದನ್ನ ನೀನು ಹೊಸದಾಗಿ ಹೇಳ್ಬೇಕಾ? ಊರಿಗೇ ಗೊತ್ತು,” ಎಂದು ಅಕ್ಕ ಕನ್ನಡಕ ಒರೆಸಿಕೊಂಡರು.

ಅಷ್ಟು ಸಾಕಾಯಿತು. ಕಂದಾಯ ವಿಭಾಗದವರು ಫೈಲು ಮುಚ್ಚಿ ಬಂದರು, ನಲ್ಲಿ ವಿಭಾಗದವರು ಲೋಟ ಹಿಡಿದೇ ಬಂದರು. ಹತ್ತು ನಿಮಿಷದಲ್ಲಿ ಕಚೇರಿ ಎರಡು ಹೋಳಾಯಿತು: ತಪ್ಪು ಫೋಟೋದ್ದು ಎನ್ನುವವರು, ತಪ್ಪು ಮುಖದ್ದು ಎನ್ನುವವರು. ಮರಣ ಪ್ರಮಾಣಪತ್ರಕ್ಕಾಗಿ ಬೆಳಗಿನಿಂದ ಕಾದಿದ್ದ ಒಬ್ಬಾತ ಕಿಟಕಿಯಲ್ಲಿ ಕತ್ತು ತೂರಿಸಿ ಪತ್ರಿಕೆ ನೋಡಿ, “ಅಯ್ಯೋ ಪಾಪ, ಇವ್ರು ಯಾವಾಗ ತೀರಿಕೊಂಡ್ರು?” ಎಂದು ಕೇಳಿದ.

ಮಧ್ಯಾಹ್ನದ ಹೊತ್ತಿಗೆ ಗುಮಾಸ್ತ ಧೈರ್ಯ ಮಾಡಿ ಒಂದು ಪುಟ ಬರೆದು ಒಯ್ದ. ಮ್ಯಾನೇಜರು ‘ಅತ್ಯುತ್ತಮ ಛಾಯಾಚಿತ್ರ’ ಎಂಬಲ್ಲಿಯವರೆಗೆ ಓದಿ ಹಾಳೆಯನ್ನು ನಾಲ್ಕು ತುಂಡು ಮಾಡಿದರು.

“ಹೋಲಿಸಿ ಬರೀರಿ! ಅವರ ಮನೆಗೆ ಹೋಗಿ. ಅಮ್ಮಾವ್ರ ಹತ್ರ ಒಳ್ಳೇ ಫೋಟೋ ಒಂದು ಇಸ್ಕೊಂಡು, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಬರೀರಿ!”

ಸುಡುಬಿಸಿಲಲ್ಲಿ ಸೈಕಲ್ ತುಳಿದು ಗುಮಾಸ್ತ ಅಧ್ಯಕ್ಷರ ಮನೆ ಮುಟ್ಟಿದಾಗ ಅವರ ಹೆಂಡತಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಪತ್ರಿಕೆಯನ್ನು ಒದ್ದೆ ಕೈಯಲ್ಲೇ ಇಸಿದುಕೊಂಡು, ತೋಳುದ್ದ ದೂರ ಹಿಡಿದು ನೋಡಿದರು.

“ಅಮ್ಮಾ, ಇದು ಕೆಟ್ಟ ಫೋಟೋ ಅಂತ ನಮ್ಮ ಮ್ಯಾನೇಜರು...”

“ಯಾಕೆ? ಏನಾಗಿದೆ ಇದಕ್ಕೆ?” ಅವರ ದನಿ ಏರಿತು. “ಇದು ನಮ್ಮೋರೇ! ಬೆಳಿಗ್ಗೆ ಎದ್ದು ಕನ್ನಡಕ ಎಲ್ಲಿ ಅಂತ ಕಿರುಚೋವಾಗ ಥೇಟ್ ಹೀಗೇ ಇರ್ತಾರೆ. ಮೂವತ್ತು ವರ್ಷ ಆಯ್ತಪ್ಪ ನೋಡಿ ನೋಡಿ. ನಾನು ಹೇಳಿದ್ರೆ ಮಕ್ಕಳೂ ನಂಬ್ತಿರಲಿಲ್ಲ. ಪುಣ್ಯಾತ್ಮ, ಯಾರೋ ಕೊನೆಗೂ ತೆಗೆದನಲ್ಲ! ಇದನ್ನ ಕೆಟ್ಟ ಫೋಟೋ ಅಂದ್ರೆ ನಾನು ಸುಮ್ನಿರಲ್ಲ. ಕೊಡಿಲ್ಲಿ ಕಾಗದ, ಬರೆದೇ ಕೊಡ್ತೀನಿ.”

ಬರೆದೇ ಕೊಟ್ಟರು. ಸಹಿಯನ್ನೂ ಹಾಕಿದರು.

ಗುಮಾಸ್ತ ಸೈಕಲ್ಲನ್ನು ಹಿಂದಿರುಗಿ ತುಳಿದ ರಭಸಕ್ಕೆ ಸರಪಳಿ ಎರಡು ಸಲ ಕಳಚಿತು. ಕೈಗೆ ಮೆತ್ತಿದ ಕರಿಯನ್ನೂ ತೊಳೆಯದೆ ಕೂತು ಬರೆದ. ಸತ್ಯ ತೋರಿಸಿದ ತಪ್ಪಿಗೆ ಒಬ್ಬ ಫೋಟೋಗ್ರಾಫರನ ಅನ್ನ ಕಿತ್ತುಕೊಳ್ಳುವುದೇ? ಈ ಕೈಯಿಂದ ಆಗದು! ಟೈಪಿಸ್ಟ್ ಅಕ್ಕ ಟೈಪು ಮಾಡುತ್ತಾ ಮೂರು ಸಲ ನಿಲ್ಲಿಸಿ ಇವನ ಮುಖ ನೋಡಿದರು. “ಅಕ್ಕಾ, ನೀವು ಹೊಡೀರಿ. ಆಗಿದ್ದಾಗ್ಲಿ,” ಎಂದ.

ಕೊನೆಯ ಸಾಲು ಮುಗಿಯುತ್ತಲೇ ಹೊರಗೆ ಕಾರಿನ ಬಾಗಿಲು ಧಡ್ ಎಂದಿತು. ಮ್ಯಾನೇಜರು ಓದಲು ಪುರುಸೊತ್ತಿಲ್ಲದೆ ವರದಿಯನ್ನು ಕಿತ್ತುಕೊಂಡು, ಪತ್ರಿಕೆಯ ಸಮೇತ ಅಧ್ಯಕ್ಷರ ಕೈಗಿತ್ತರು. “ತಮಗೆ ಘೋರ ಅನ್ಯಾಯವಾಗಿದೆ ಸಾರ್. ಇದು ತಜ್ಞರ ವರದಿ. ನಾನೇ ಮುತುವರ್ಜಿ ವಹಿಸಿ ಬರೆಸಿದ್ದು.”

ಅಧ್ಯಕ್ಷರು ಗಟ್ಟಿಯಾಗಿ ಓದತೊಡಗಿದರು. “‘ಸದರಿ ಛಾಯಾಚಿತ್ರದಲ್ಲಿ ಯಾವುದೇ ದೋಷ ಕಂಡುಬರುವುದಿಲ್ಲ. ಕಂಡುಬರುವ ದೋಷಗಳೆಲ್ಲವೂ ಮುಖದ ಮಾಲೀಕರಿಗೆ ಸೇರಿದವು. ಮೂರು ಗಲ್ಲಗಳ ಪೈಕಿ ಒಂದನ್ನೂ ಕ್ಯಾಮೆರಾ ತನ್ನ ಕಡೆಯಿಂದ ಸೇರಿಸಿರುವುದಿಲ್ಲ...’”

ಮ್ಯಾನೇಜರ ಮುಖ ಸುಣ್ಣವಾಯಿತು. ಗುಮಾಸ್ತ ಗೋಡೆಗೆ ಆತುಕೊಂಡ. ಅಧ್ಯಕ್ಷರು ಕನ್ನಡಕ ಏರಿಸಿ ಫೋಟೋ ನೋಡಿದರು. ಮತ್ತೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ರೀ ಮ್ಯಾನೇಜರೇ, ನನ್ನ ಜೇಬಲ್ಲಿ ಯಾವತ್ತಾದ್ರೂ ಪೆನ್ನು ನೋಡಿದ್ದೀರಾ? ಸಹಿ ಹಾಕೋಕೂ ನಿಮ್ಮದನ್ನೇ ಇಸ್ಕೋತೀನಿ. ಇಲ್ಲಿ ನೋಡಿ, ಸಾಲಾಗಿ ಮೂರಿವೆ!”

ಇಡೀ ಕಚೇರಿಯ ಕಣ್ಣು ಮ್ಯಾನೇಜರ ಜೇಬಿಗೆ ಹೋಯಿತು. ನೀಲಿ, ಕೆಂಪು, ಹಸಿರು. ತಜ್ಞನ ಭೂತಗನ್ನಡಿ ದಿನವಿಡೀ ಗಲ್ಲಗಳಿಂದ ಕೆಳಗೆ ಇಳಿದೇ ಇರಲಿಲ್ಲ.

“ಅವತ್ತು ವಂದನಾರ್ಪಣೆ ಮಾಡಿದ್ದು ನೀವೇ ಅಲ್ವಾ? ಪತ್ರಿಕೆಯವರು ಅಡಿಯಲ್ಲಿ ತಪ್ಪು ಬರೆದಿದ್ದಾರೆ ಅಷ್ಟೇ!”

“ನಾನಾ?” ಮ್ಯಾನೇಜರು ಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡರು. “ಇದು... ನಾನಾ?”

“ಬೆಳಗಿಂದ ನಿಮ್ಮ ಮುಖ ನಿಮಗೇ ಗುರುತು ಸಿಗಲಿಲ್ವೇನ್ರೀ!” ಅಧ್ಯಕ್ಷರು ಕಣ್ಣೊರೆಸಿಕೊಂಡು ಗುಮಾಸ್ತನ ಬೆನ್ನು ತಟ್ಟಿದರು. “ಭೇಷ್! ಎಂಥಾ ವರದಿ ಬರೆದಿದ್ದೀಯಪ್ಪಾ! ಇದಕ್ಕೆ ಚೌಕಟ್ಟು ಹಾಕಿಸ್ಬೇಕು!”

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ನಗಬಹುದೋ ಏನೋ ಎಂದು ತುಟಿ ಸಡಿಲ ಮಾಡುವಷ್ಟರಲ್ಲಿ ಅಧ್ಯಕ್ಷರು ವರದಿಗೆ ಲಗತ್ತಿಸಿದ್ದ ಎರಡನೇ ಹಾಳೆ ತಿರುಗಿಸಿ, ಅದೇ ಖುಷಿಯಲ್ಲಿ ಓದಿದರು. “‘ಈ ಫೋಟೋದಲ್ಲಿರುವವರು ನನ್ನ ಪತಿಯೇ. ಮೂವತ್ತು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ನಾನು ನೋಡುತ್ತಿರುವ ಮುಖ ಇದೇ ಎಂದು...’”

ಗುಂಡಿ ಒತ್ತಿ ಆರಿಸಿದಂತೆ ನಗು ನಿಂತಿತು. ಅವರು ಸಹಿಯನ್ನು ನೋಡಿದರು. ಮ್ಯಾನೇಜರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೊನೆಗೆ ಗುಮಾಸ್ತನನ್ನು ನೋಡಿದರು.

“ಇವನನ್ನ ಏನು ಮಾಡ್ತೀರೋ ಮಾಡಿ,” ಎಂದು ಮ್ಯಾನೇಜರಿಗೆ ಹೇಳಿ, ಹಾಳೆಯನ್ನು ಮುದುರಿ ಕಿಸೆಗೆ ತುರುಕಿ, ಮನೆಗೆ ಹೊರಟರು.

ಮ್ಯಾನೇಜರು ಏನೋ ಕೂಗಲು ಬಾಯಿ ತೆರೆದರು. ಪಡುವಣ ಕಿಟಕಿಯಿಂದ ಬಿಸಿಲು ಬಂತು. ಒಂದು ಕಣ್ಣು ಮುಚ್ಚಿತು, ಕತ್ತಿನ ನರ ಬಿಗಿಯಿತು. ಛೇ, ಕ್ಯಾಮೆರಾ ತರಬೇಕಿತ್ತು ಎಂದುಕೊಂಡ ಗುಮಾಸ್ತ.

ಆದರೆ ಮ್ಯಾನೇಜರು ಕೂಗಲಿಲ್ಲ. ಬಾಯಿ ಮುಚ್ಚಿ, ಕುರ್ಚಿಯಲ್ಲಿ ಕೂತು, ಬಹಳ ಮೆತ್ತಗೆ ಕೇಳಿದರು.

“ನಿಮ್ಮ ಮನೆ ಯಾವ ಕಡೆ?”

“ಊರಿನ ಉತ್ತರಕ್ಕೆ ಸಾರ್.”

“ಹೌದಾ? ನಮ್ಮ ಕಸದ ಡಿಪೋ ದಕ್ಷಿಣದ ತುದೀಲಿದೆ, ಅಲ್ವಾ?” ಎನ್ನುತ್ತಾ ಅವರು ಜೇಬಿನಿಂದ ಹಸಿರು ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು.