ಮೇಷ್ಟ್ರು ಗಾಡಿ ಎತ್ತರಿಸಿದ್ದು

“ಇನ್ನು ಮುಂದೆ ಈ ಗಾಡಿಯನ್ನ ಯಾವ ಮೆಕ್ಯಾನಿಕ್ಕೂ ಮುಟ್ಟಕೂಡದು! ಇದರ ವೈದ್ಯನೂ ನಾನೇ, ಶಿಲ್ಪಿಯೂ ನಾನೇ!”

ಶನಿವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ ಲೆಕ್ಕದ ಮೇಷ್ಟ್ರು ಹೀಗೆಂದು ಘೋಷಿಸಿದರು. ಸಭೆಯಲ್ಲಿ ಇದ್ದದ್ದು ಹೆಂಡತಿ ಒಬ್ಬಳೇ.

“ರೀ, ನಾಳೆ ಮಧ್ಯಾಹ್ನ ಅಮ್ಮ ರೈಲಿಳೀತಾಳೆ. ಅಪ್ಪನ ಗಾಡೀಲೇ ಮನೆಗೆ ಬರ್ಬೇಕು ಅಂತ ಆಸೆ ಇಟ್ಕೊಂಡಿದ್ದಾಳೆ. ಇವತ್ತು ಅದರ ತಂಟೆಗೆ ಹೋಗ್ಬೇಡಿ.”

“ಅದಕ್ಕೇ ಕಣೇ! ಅತ್ತೆ ನೋಡಿ ಬೆರಗಾಗ್ಬೇಕು!”

ಗಾಡಿ ಮಾವನದು. ಹಳೇ ಕಾಲದ ಫೋರ್‌ವೀಲ್ ಡ್ರೈವ್, ಬೆಟ್ಟ ಹತ್ತಲೆಂದೇ ಹುಟ್ಟಿದ್ದು. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ಅಳಿಯನ ಕೈಗೆ ಒಪ್ಪಿಸಿದ್ದರು. ಆಮೇಲೆ ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ. “ಅಳಿಯಂದ್ರೇ, ಒಂದೇ ಒಂದ್ಸಲ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಬನ್ನಿ” ಎಂದು ಫೋನಿನಲ್ಲಿ ಕೇಳಿಕೊಂಡಿದ್ದರು. ಮೇಷ್ಟ್ರು ಎದೆ ತಟ್ಟಿ ಮಾತು ಕೊಟ್ಟಿದ್ದರು.

ಅಷ್ಟಕ್ಕೆ ಸುಮ್ಮನಿದ್ದರೆ ಅವರು ಮೇಷ್ಟ್ರು ಹೇಗಾದಾರು? ಗಾಡಿ ಕುಳ್ಳಗಿದೆ ಅನ್ನುವುದು ಅವರ ಹೊಸ ಕೊರಗು. ಯಾವನೋ ಗಡ್ಡದವನು ತನ್ನ ಗಾಡಿಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಗೇಣುದ್ದ ಎತ್ತರಿಸಿದ ವಿಡಿಯೋ ನೋಡಿ, ದೊಡ್ಡ ಟೈರುಗಳನ್ನೂ ಸ್ಪ್ರಿಂಗಿಗೆ ಉದ್ದನೆಯ ಕೊಂಡಿಗಳನ್ನೂ ತರಿಸಿಟ್ಟಿದ್ದರು. ದಾರಿಹೋಕರೆಲ್ಲ ಬಂದು ಸಲಹೆ ಕೊಡಬಾರದೆಂದು ಶೆಡ್ಡಿನ ಶಟರ್ ಎಳೆದುಕೊಂಡು ಒಳಗೇ ಕೆಲಸಕ್ಕೆ ಕೂತರು. ಲೆಕ್ಕದವರಲ್ಲವೇ, ಅಳತೆ ಮಾಡದೆ ಕೈ ಹಾಕುವ ಪೈಕಿಯಲ್ಲ! ಟೇಪು ಹಿಡಿದು ನೆಲದಿಂದ ಸೂರಿನವರೆಗೆ ಅಳೆದರು. ಗಾಡಿ ಎತ್ತರಿಸಿದರೂ ಮೊಳದಷ್ಟು ಜಾಗ ಮಿಗುತ್ತಿತ್ತು.

ಆಮೇಲೆ ಮಹಾಯುದ್ಧ! ಜ್ಯಾಕ್ ಕುಸಿಯಿತು, ಸ್ಪ್ಯಾನರ್ ಜಾರಿತು, ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತು. ತುಕ್ಕು ಹಿಡಿದ ಹಳೇ ಕೊಂಡಿಗಳು ಬಿಚ್ಚಲು ಒಪ್ಪದೆ ಗರಗಸಕ್ಕೆ ಬಲಿಯಾದವು. ಹಳೇ ಟೈರುಗಳನ್ನು ಗುಜರಿಯವನು ಹೊತ್ತೊಯ್ದ. ಭಾನುವಾರ ತಿಂಡಿಯ ಹೊತ್ತಿಗೆ ಗಾಡಿ ಎದೆ ಸೆಟೆಸಿ ನಿಂತಿತು.

“ಬಾರೇ, ನೋಡು ಬಾ!”

ಹೆಂಡತಿ ಬಂದು ಶಟರ್ ಎತ್ತಿದಳು. ಗಾಡಿ ನೋಡಿದಳು. ಬಾಗಿಲು ನೋಡಿದಳು. ಮತ್ತೆ ಗಾಡಿ ನೋಡಿದಳು.

“ಚೆನ್ನಾಗಿದೆ ಕಣ್ರೀ. ಇದು ಹೊರಗೆ ಹೇಗೆ ಬರುತ್ತೆ?”

ಮೇಷ್ಟ್ರು ಸೂರನ್ನು ಅಳೆದಿದ್ದರು, ಬಾಗಿಲನ್ನು ಅಳೆದಿರಲಿಲ್ಲ! ಸುರುಳಿ ಸುತ್ತಿದ ಶಟರ್ ಬಾಗಿಲ ನೆತ್ತಿಯ ಮೇಲೆ ಕೂತಿತ್ತು. ಗಾಡಿಯ ತಲೆ ಆ ಸುರುಳಿಯ ಅಡಿಗಿಂತ ನಾಲ್ಕು ಬೆರಳು ಮೇಲಿತ್ತು.

“ಟೈರಿನ ಗಾಳಿ ಬಿಟ್ರೆ ಆಯ್ತು ಬಿಡೇ!” ಎಂದರು ಮೇಷ್ಟ್ರು. ಗಾಳಿ ಬಿಟ್ಟು ಮೆಲ್ಲಗೆ ಮುಂದಕ್ಕೆ ಬಿಟ್ಟರು. ಗಾಡಿ ಮೂತಿ ಮಾತ್ರ ಹೊರಗೆ ಚಾಚಿ, ತಲೆ ತಾಗಿಸಿಕೊಂಡು ನಿಂತುಬಿಟ್ಟಿತು.

“ಭಾರ ಹಾಕಿ ಮೇಷ್ಟ್ರೇ, ಸ್ಪ್ರಿಂಗ್ ಕುಗ್ಗುತ್ತೆ,” ಎಂದರು ಪಕ್ಕದ ಮನೆಯ ಪೋಸ್ಟ್‌ಮಾಸ್ಟರ್. ಅವರೇ ಮೊದಲು ಹತ್ತಿ ಕೂತರು. ಹಿಂದೆಯೇ ಅವರ ಮನೆಯಾಕೆ. ಎದುರಿನ ಅಂಗಡಿಯ ಕ್ಷೌರಿಕ ಬಂದ. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೂ ನೊರೆ ಸಮೇತ ಬಂದು ಮುಂದಿನ ಸೀಟು ಹಿಡಿದ. ಗಾಡಿ ಒಂದಿಷ್ಟು ಕುಗ್ಗಿತು. ಸಾಲಲಿಲ್ಲ.

ಹೀಗೆ ಹೆಣಗುವಷ್ಟರಲ್ಲಿ ಮಧ್ಯಾಹ್ನವಾಗಿ ರೈಲು ಬಂದಾಗಿತ್ತು. ಹೆಂಡತಿ ಫೋನ್ ಹಿಡಿದು ಆ ಕಡೆ ತಿರುಗಿ ನಿಂತಳು. “ಅಮ್ಮಾ, ಟ್ಯಾಕ್ಸಿ ಮಾಡ್ಕೊಂಡು ಬಂದ್ಬಿಡೇ... ಇಲ್ಲಮ್ಮ, ಗಾಡಿ ಚೆನ್ನಾಗೇ ಇದೆ. ಬಾಗಿಲೇ ಚಿಕ್ಕದಾಗಿದೆ.”

ಸ್ಟಿಯರಿಂಗ್ ಹಿಂದೆ ಕೂತಿದ್ದ ಮೇಷ್ಟ್ರಿಗೆ ಅದು ಕೇಳಿಸಿತು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆ ಮುದುಕಿ ಕೇಳಿದ್ದು ಒಂದೇ ಒಂದು ಸಲ ಕೂರುವುದನ್ನು. ತನ್ನ ಜಂಭದಿಂದ ಅದೂ ತಪ್ಪಿಹೋಯಿತಲ್ಲ ಎಂದು ನಾಚಿಕೆಯಾಯಿತು.

ಟ್ಯಾಕ್ಸಿ ಬಂದೇಬಿಟ್ಟಿತು. ಅತ್ತೆ ಟ್ರಂಕಿನೊಂದಿಗೆ ಇಳಿದರು. ಗಂಡನ ಗಾಡಿಯ ಮೂತಿಯನ್ನು ಬಹಳ ಹೊತ್ತು ನೋಡಿ, ಬಾನೆಟ್ಟಿನ ಮೇಲೆ ಕೈಯಿಟ್ಟರು.

ಮೇಷ್ಟ್ರು ಇಳಿದು ಬಂದರು. “ಅತ್ತೆ... ನಿಮಗೆ ಮುಖ ತೋರ್ಸೋಕೆ ಆಗ್ತಿಲ್ಲ...”

“ಇನ್ನು ಒಂದಿಬ್ಬರು ಸಾಕು!” ಒಳಗಿನಿಂದ ಪೋಸ್ಟ್‌ಮಾಸ್ಟರ್ ಕೂಗಿದರು.

ಅತ್ತೆ ಗೋಡೆಯ ಪಕ್ಕದಿಂದ ಒಳಗೆ ನುಸುಳಿ, ಟ್ರಂಕನ್ನು ಗಾಡಿಯ ಬಾಗಿಲ ಬುಡಕ್ಕೆ ಇಡಿಸಿದರು. ನೊರೆಯ ಗಿರಾಕಿಯನ್ನು ಹಿಂದಕ್ಕೆ ಕಳಿಸಿ, ಟ್ರಂಕಿನ ಮೇಲೆ ಕಾಲಿಟ್ಟು ಮುಂದಿನ ಸೀಟು ಹತ್ತಿದರು.

“ಮಗಳೇ, ಬಾ. ನೀನು ಓಡಿಸು.”

“ಮತ್ತೆ ನಾನು, ಅತ್ತೆ?”

“ನೀವು ಹಿಂದೆ ಹತ್ತಿ ಅಳಿಯಂದ್ರೇ. ಭಾರಕ್ಕೆ.”

ಮೇಷ್ಟ್ರು ಹಿಂದೆ ಹೋಗಿ ಗಿರಾಕಿಯ ಪಕ್ಕ ತೂರಿಕೊಂಡರು. ಅರ್ಧ ನೊರೆ ಅವರ ಕೆನ್ನೆಗೆ ಬಂತು. ಗಾಡಿ ಉಸ್ಸೆಂದು ಕುಗ್ಗಿ, ಎಲ್ಲೂ ಗೀಚದೆ, ಬಿಸಿಲಿಗೆ ಬಂದು ನಿಂತಿತು.

ಅತ್ತೆ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದರು.

“ಪರವಾಗಿಲ್ಲ ಕಣೇ. ಅಂತೂ ನಿನ್ನ ಗಂಡ ಒಂದು ಉಪಯೋಗಕ್ಕೆ ಬಂದ್ರು!”