ಹನ್ನೆರಡೂವರೆಯ ಹರಟೆಗೆ ಆಯುಸ್ಸು ಗಟ್ಟಿ

ನಾನು ನುಡಿದ ಭವಿಷ್ಯ ಯಾವತ್ತೂ ನಿಜವಾದದ್ದಿಲ್ಲ. ಅದರಲ್ಲೂ ತೀರಾ ಮಾನ ಕಳೆದದ್ದು ಮದುವೆಯ ಹೊಸತರಲ್ಲಿ ನುಡಿದದ್ದು. ನನ್ನ ಹೆಂಡತಿ ಶಶಿಕಲಾ ಮಧ್ಯಾಹ್ನ ಟೀವಿಯಲ್ಲಿ ನೋಡುವ ಹರಟೆ ಕಾರ್ಯಕ್ರಮ ಆರು ತಿಂಗಳು ಬಾಳಿದರೆ ಹೆಚ್ಚು ಎಂದಿದ್ದೆ. ಈಗ ಅದಕ್ಕೆ ಹದಿನೆಂಟು ವರ್ಷ. ಅಷ್ಟರಲ್ಲಿ ನಾನು ನಾಲ್ಕು ಕಂಪನಿ ಬದಲಿಸಿದೆ, ತಲೆಗೂದಲನ್ನು ಪೂರಾ ಕಳೆದುಕೊಂಡೆ. ಆ ನಿರೂಪಕಿ ಮಾತ್ರ ಚಾನೆಲ್ ಬದಲಾದರೂ ಸೋಫಾ ಬದಲಾದರೂ ಅದೇ ನಗು ನಗುತ್ತ ಕೂತಿದ್ದಾಳೆ. ದೋಸೆಗೆ ಎಷ್ಟು ಮೆಂತ್ಯ, ಮೊಣಕಾಲಿಗೆ ಯಾವ ಎಣ್ಣೆ, ಅತ್ತೆಗೆ ಎಷ್ಟು ಗೌರವ, ಇಷ್ಟರಲ್ಲೇ ಹದಿನೆಂಟು ವರ್ಷ ಎಳೆಯಬಹುದೆಂದು ಯಾರಿಗೆ ಗೊತ್ತಿತ್ತು ಹೇಳಿ.

ಆಫೀಸಿಗೆ ಹೋಗುತ್ತಿದ್ದಷ್ಟು ಕಾಲ ನನಗೆ ಇದರ ತಂಟೆಯಿರಲಿಲ್ಲ. ಈ ವರ್ಷ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಎಂದಾಯಿತು. ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಒಂದೇ ಕೋಣೆಯ ಫ್ಲಾಟಿನಲ್ಲಿ ಟೀವಿಗೂ ನನ್ನ ಲ್ಯಾಪ್‌ಟಾಪಿಗೂ ನಡುವೆ ಇರುವುದು ಒಂದು ಕುಕ್ಕರ್ ಮಾತ್ರ. ಕಾರ್ಯಕ್ರಮ ಶುರುವಾಗುವುದು ಊರಿನ ಎರಡು ಗಂಟೆಗೆ, ಎಂದರೆ ಇಲ್ಲಿಯ ಹನ್ನೆರಡೂವರೆಗೆ. ಅಬುಧಾಬಿ ಕಚೇರಿಯ ಜೊತೆ ನನ್ನ ಮೀಟಿಂಗೂ ಸರಿಯಾಗಿ ಅದೇ ಹೊತ್ತಿಗೆ. ಒಂದು ದಿನ ನಾನು ವರದಿ ಒಪ್ಪಿಸುತ್ತಿರುವಾಗ ಲೆಬನಾನಿನ ಮ್ಯಾನೇಜರು, ನಿನ್ನ ವರದಿ ಕೇಳಿ ನಗುತ್ತಿರುವ ಹೆಂಗಸು ಯಾರು ಎಂದು ವಿಚಾರಿಸಿದರು. ನನಗೆ ಮೈಯೆಲ್ಲ ಉರಿಯಿತು. ಖಲಾಸ್, ನಾಳೆಯಿಂದ ಟೀವಿ ಬಂದ್ ಎಂದು ನಿಶ್ಚಯಿಸಿದೆ.

ಮರುದಿನ ಮೀಟಿಂಗ್ ಇರಲಿಲ್ಲ. ಮುಖ ಗಂಟಿಕ್ಕಿಕೊಂಡು ಹೇಳಲು ಹೋದರೆ ಶಶಿಕಲಾ ಫೋನ್ ಹಿಡಿದು ನೆಟ್ಟಗೆ ನಿಂತಿದ್ದಾಳೆ. ವರ್ಷಗಟ್ಟಲೆ ಪ್ರಯತ್ನಿಸಿದ ಮೇಲೆ ಅಂದು ಆ ಕಾರ್ಯಕ್ರಮಕ್ಕೆ ಅವಳ ಲೈನ್ ಸಿಕ್ಕಿತ್ತು! ನಿರೂಪಕಿ ಕುಶಲ ಕೇಳಿ, ಯಜಮಾನರು ಹೇಗೆ ಎಂದಳು. ನನಗೆ ಜೀವ ಬಾಯಿಗೆ ಬಂತು. ಊದ್ ಮೇಥಾ ಬಡಾವಣೆಯಲ್ಲಿ ಸೇರುವ ನಮ್ಮ ಕನ್ನಡ ಸಂಘದ ಹೆಂಗಸರೆಲ್ಲ ನೋಡುವುದು ಇದನ್ನೇ.

"ಅವರು ಒಳ್ಳೆಯವರೇ ಮೇಡಂ, ಪಾಪ. ಮಾತು ಮಾತ್ರ ಇಲ್ಲ," ಎಂದಳು ಶಶಿಕಲಾ. "ನಾನು ದುಬೈಗೆ ಬಂದ ಹೊಸತರಲ್ಲಿ ಹಗಲಿಡೀ ಈ ಮನೆಯಲ್ಲಿ ಕನ್ನಡ ಮಾತಾಡಿದ್ದು ನೀವೊಬ್ಬರೇ. ನಾನೂ ದಿನಾ ನಿಮಗೆ ಉತ್ತರ ಕೊಡ್ತಿದ್ದೆ. ನಿಮಗೆ ಕೇಳ್ತಿತ್ತಾ?"

ಹದಿನೆಂಟು ವರ್ಷದಲ್ಲಿ ಮೊದಲ ಸಲ ನಿರೂಪಕಿ ನಗು ಮರೆತು ಕಣ್ಣೊರೆಸಿಕೊಂಡಳು. ಥೂ, ಎಂಥ ಗಂಡಸು ನಾನು ಎಂದು ನಾಚಿಕೆಯಾಯಿತು. ಟೀವಿ ಬಂದ್ ಮಾಡಿಸುವ ಮಾತು ಅಲ್ಲೇ ಸತ್ತಿತು.

ಮ್ಯಾನೇಜರನ್ನು ಕಾಡಿ ಬೇಡಿ ಮೀಟಿಂಗನ್ನು ಮೂರು ಗಂಟೆಗೆ ಹಾಕಿಸಿಕೊಂಡೆ. ಮರುದಿನ ಹನ್ನೆರಡೂವರೆಗೆ ಹೆಂಡತಿಯ ಪಕ್ಕ ಹೋಗಿ ಕೂತು, ಇಷ್ಟು ವರ್ಷ ಆಡದೆ ಉಳಿದದ್ದನ್ನೆಲ್ಲ ಭರ್ತಿ ಉತ್ಸಾಹದಲ್ಲಿ ಆಡತೊಡಗಿದೆ. ಎರಡು ವಾಕ್ಯ ಮುಗಿದಿರಬೇಕು. ಅವಳು ಟೀವಿಯಿಂದ ಕಣ್ಣು ಕೀಳದೆ ನನ್ನ ಮಂಡಿಯ ಮೇಲೆ ಮೆಲ್ಲನೆ ತಟ್ಟಿದಳು.

"ಸ್ವಲ್ಪ ಸುಮ್ನಿರಿ ಮಾರಾಯ್ರೇ. ಜಾಹೀರಾತು ಬರುವಾಗ ಹೇಳಿ."

ಈಗ ದಿನಕ್ಕೆ ಮೂರು ವಿರಾಮಗಳಲ್ಲಿ ನಮ್ಮ ದಾಂಪತ್ಯ ಸೊಗಸಾಗಿ ನಡೆದಿದೆ. ಸೋಪಿನ ಜಾಹೀರಾತು ಇನ್ನೊಂದು ಚೂರು ಉದ್ದ ಬರಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ಗಂಡ ಈ ದುಬೈಯಲ್ಲಿ ನಾನೊಬ್ಬನೇ ಇರಬೇಕು.